ಓವರ್ ಇಳಿಸಿದಿರಿ, ವಿಕೆಟ್ ಯಾಕೆ ಇಳಿಸಲಿಲ್ಲ?

ನಮಸ್ಕಾರ. ಇವತ್ತಿನ ಮಾತನ್ನು ಒಂದು ಹ್ಯಾಟ್ರಿಕ್‌ನಿಂದ ಶುರು ಮಾಡುತ್ತೇನೆ.

2019ರ ಏಪ್ರಿಲ್ 30. ಚಿನ್ನಸ್ವಾಮಿ ಸ್ಟೇಡಿಯಂ. ಆರ್‌ಸಿಬಿ ಮತ್ತು ರಾಜಸ್ಥಾನ್ ರಾಯಲ್ಸ್ ಮ್ಯಾಚ್. ಮಳೆ ಸುರಿದು ಸುರಿದು, ಕೊನೆಗೆ ಐದೈದು ಓವರ್ ಆಡೋಣ ಅಂದರು. ನಮ್ಮ ಕರ್ನಾಟಕದ ಹುಡುಗ ಶ್ರೇಯಸ್ ಗೋಪಾಲ್ ಬಾಲ್ ಹಿಡಿದು ಬಂದರು. ಕೊಹ್ಲಿ ಔಟ್. ಮುಂದಿನ ಬಾಲ್, ಡಿವಿಲಿಯರ್ಸ್ ಔಟ್. ಅದರ ಮುಂದಿನ ಬಾಲ್, ಸ್ಟೊಯಿನಿಸ್ ಔಟ್. ಒಬ್ಬ ಲೆಗ್ ಸ್ಪಿನ್ನರ್ ತನ್ನ ಜೀವನದಲ್ಲಿ ಇದಕ್ಕಿಂತ ದೊಡ್ಡ ಮೂರು ಬಾಲ್ ಹಾಕಲು ಸಾಧ್ಯವೇ?

ಆದರೆ ಆಮೇಲೆ ಏನಾಯಿತು? ಏನೂ ಆಗಲಿಲ್ಲ. ಮುಂದೆ ಬಂದವರೂ ಬ್ಯಾಟ್ ಬೀಸಿದರು. 5 ಓವರ್‌ಗೆ 7 ವಿಕೆಟ್‌ಗೆ 62 ರನ್ ಬಂತು. ಮತ್ತೆ ಮಳೆ ಬಂದು ಮ್ಯಾಚೇ ನಿಂತುಹೋಯಿತು. ಬ್ಯಾಟ್ಸ್‌ಮನ್‌ಗಳದ್ದು ತಪ್ಪು ಅಂತ ನಾನು ಹೇಳುವುದಿಲ್ಲ. 30 ಬಾಲ್ ಇದೆ, ಕೈಯಲ್ಲಿ 10 ವಿಕೆಟ್ ಇದೆ. ಬೀಸದೆ ಇನ್ನೇನು ಮಾಡಬೇಕು?

ನನ್ನ ತಕರಾರು ಇರುವುದು ಇಲ್ಲೇ. 1963ರಲ್ಲಿ ಇಂಗ್ಲೆಂಡಿನಲ್ಲಿ ಜಿಲೆಟ್ ಕಪ್ ಶುರುವಾದಾಗ 65 ಓವರ್ ಇತ್ತು. 1983ರಲ್ಲಿ ನಾವು ವರ್ಲ್ಡ್ ಕಪ್ ಗೆದ್ದಾಗ 60. 1987ರ ವರ್ಲ್ಡ್ ಕಪ್‌ಗೆ 50 ಆಯಿತು. 2003ರಲ್ಲಿ ಟಿ20, 2017ರಲ್ಲಿ ಟಿ10, 2021ರಲ್ಲಿ ನೂರು ಬಾಲ್‌ನ ಹಂಡ್ರೆಡ್. ಒಟ್ಟಿನಲ್ಲಿ ಓವರ್ ಇಳಿಯಿತು. ವಿಕೆಟ್ ಮಾತ್ರ ಹತ್ತಕ್ಕೆ ಹತ್ತು ಹಾಗೇ ಉಳಿಯಿತು.

ಸುಮ್ನೆ ಭಾಗಾಕಾರ ಮಾಡಿ ನೋಡಿ. 50 ಓವರ್ ಆಟದಲ್ಲಿ ಒಂದು ವಿಕೆಟ್‌ಗೆ 30 ಬಾಲ್. ಟಿ20ಯಲ್ಲಿ 12. ಹಂಡ್ರೆಡ್‌ನಲ್ಲಿ 10. ಟಿ10ನಲ್ಲಿ ಬರೀ 6. ಹತ್ತು ಜನಕ್ಕೆ ಮಾಡಿದ ಅಡುಗೆಯನ್ನು ಇಬ್ಬರ ಮುಂದೆ ಇಟ್ಟರೆ ಚೆಲ್ಲಿಯೇ ಚೆಲ್ಲುತ್ತಾರೆ, ಅಲ್ವಾ? ಹಾಗೇ ವಿಕೆಟ್ ಚೆಲ್ಲುತ್ತಿದೆ. ಐಪಿಎಲ್‌ನಲ್ಲಿ 2023ರಿಂದ ಇಂಪ್ಯಾಕ್ಟ್ ಪ್ಲೇಯರ್ ಅಂತ ಒಬ್ಬ ಬದಲಿ ಆಟಗಾರನನ್ನು ಇಳಿಸಲು ಬಿಟ್ಟರು, ಇನ್ನೊಬ್ಬ ಬ್ಯಾಟ್ಸ್‌ಮನ್‌ಗೂ ಜಾಗ ಆಯಿತು. ಮರುವರ್ಷ, 2024ರ ಏಪ್ರಿಲ್ 15ರಂದು, ಚಿನ್ನಸ್ವಾಮಿಯಲ್ಲಿ ಹೈದರಾಬಾದ್ 287 ಹೊಡೆಯಿತು, ನಾವು 262 ಹೊಡೆದು ಸೋತೆವು. ಒಂದೇ ಸಂಜೆ 549 ರನ್. ಆ ರಾತ್ರಿ ಬೌಲರ್‌ಗಳ ಮುಖ ನೋಡಿ ನನಗೆ ನಿಜವಾಗಿಯೂ ಸಂಕಟವಾಯಿತು. ಒಳ್ಳೆಯ ಬಾಲ್ ಹಾಕಿದವನಿಗೆ ಏನಾದರೂ ಸಿಗಬೇಕು ತಾನೇ?

ಹಾಗಂತ ಚಿಕ್ಕ ಆಟವೇ ಬೇಡ ಅನ್ನುವವನು ನಾನಲ್ಲ. ಇನ್ನೂ ಚಿಕ್ಕದಾಗಲಿ ಅನ್ನುವವನು. ಏಳೂವರೆಗೆ ಶುರುವಾದ ಮ್ಯಾಚ್ ಮುಗಿಯುವಾಗ ಹನ್ನೊಂದು ದಾಟಿರುತ್ತದೆ. ಒಂಬತ್ತು ವರ್ಷದ ಮಗಳನ್ನು ಮೊದಲ ಸಲ ಸ್ಟೇಡಿಯಂಗೆ ಕರೆದುಕೊಂಡು ಹೋಗಿದ್ದೆ. ಹದಿನಾರನೇ ಓವರ್ ಹೊತ್ತಿಗೆ ನನ್ನ ತೋಳಿಗೆ ಒರಗಿ ನಿದ್ದೆ. ಕೆನ್ನೆಗೆ ಬಳಿದ ಕೆಂಪು ಬಣ್ಣ ನನ್ನ ಶರ್ಟಿಗೆ ಅಂಟಿತ್ತು. ಮ್ಯಾಚ್ ದಿನ ಮೆಟ್ರೋ ಜಾಸ್ತಿ ಹೊತ್ತು ಓಡುತ್ತದೆ, ಸರಿ. ಆದರೆ ಎಂ.ಜಿ. ರೋಡ್ ಸ್ಟೇಷನ್ನಿನ ಆ ನೂಕುನುಗ್ಗಲಿನಲ್ಲಿ ನಿದ್ದೆ ಮಾಡುವ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ನಿಂತವರಿಗೆ ಗೊತ್ತು ಅದೇನು ಅಂತ. ಬೆಳಿಗ್ಗೆ ಎದ್ದವಳು ಕೇಳಿದ ಮೊದಲ ಮಾತು, "ಅಪ್ಪಾ, ಯಾರು ಗೆದ್ದರು?"

ಅದಕ್ಕೇ ಒಂದು ಹೊಸ ಆಟ ಯೋಚನೆ ಮಾಡಿದ್ದೇನೆ. ಹೆಸರು 'ಎಂಟೆಂಟು'. ಮಗ್ಗಿಯಲ್ಲಿ ಎಂಟೆಂಟ್ಲ ಅರವತ್ನಾಲ್ಕು ಅಂತ ಹೇಳುತ್ತಿದ್ದೆವಲ್ಲ, ಅದೇ ಎಂಟೆಂಟು.

ಒಂದೊಂದು ತಂಡಕ್ಕೂ ಎರಡು ಇನ್ನಿಂಗ್ಸ್. ಒಂದೊಂದು ಇನ್ನಿಂಗ್ಸ್ 8 ಓವರ್. ಅಂದರೆ ತಂಡಕ್ಕೆ ಒಟ್ಟು 96 ಬಾಲ್. ಈಗ ಮುಖ್ಯವಾದ ವಿಷಯ. ಇಡೀ ಮ್ಯಾಚಿಗೆ, ಎರಡೂ ಇನ್ನಿಂಗ್ಸ್ ಸೇರಿ, ಒಂದು ತಂಡಕ್ಕೆ 6 ವಿಕೆಟ್ ಮಾತ್ರ. ಮೊದಲ ಇನ್ನಿಂಗ್ಸ್‌ನಲ್ಲಿ 4 ಕಳೆದುಕೊಂಡರೆ ಎರಡನೆಯದಕ್ಕೆ ಉಳಿಯುವುದು 2. ಆರೂ ಕಳೆದುಕೊಂಡರೆ ಎರಡನೇ ಇನ್ನಿಂಗ್ಸೇ ಇಲ್ಲ. ಪ್ಯಾಡ್ ಬಿಚ್ಚಿ ಫೀಲ್ಡಿಂಗ್ ಮಾಡಬೇಕು, ಅಷ್ಟೇ. ಒಮ್ಮೆ ಔಟಾದವನು ಆ ಮ್ಯಾಚಿನಲ್ಲಿ ಮತ್ತೆ ಬ್ಯಾಟ್ ಹಿಡಿಯುವಂತಿಲ್ಲ. ನಾಟೌಟ್ ಉಳಿದವನು ಎರಡನೇ ಇನ್ನಿಂಗ್ಸ್‌ನಲ್ಲಿ ತನ್ನ ಸ್ಕೋರ್ ಮುಂದುವರಿಸಬಹುದು. ಬೌಲರ್‌ಗೆ ಒಟ್ಟು 4 ಓವರ್, ಯಾವ ಇನ್ನಿಂಗ್ಸ್‌ನಲ್ಲಿ ಎಷ್ಟು ಅನ್ನುವುದು ಕ್ಯಾಪ್ಟನ್ ಇಷ್ಟ. ಪವರ್‌ಪ್ಲೇ, ಅಂದರೆ ದೂರದಲ್ಲಿ ಕಡಿಮೆ ಫೀಲ್ಡರ್ ಇಡಬೇಕಾದ ಹೊತ್ತು, ಪ್ರತಿ ಇನ್ನಿಂಗ್ಸ್‌ನ ಮೊದಲ 2 ಓವರ್.

ಈಗ ಭಾಗಾಕಾರ ಮಾಡಿ. 96 ಬಾಲ್, 6 ವಿಕೆಟ್. ಒಂದು ವಿಕೆಟ್‌ಗೆ 16 ಬಾಲ್. ಟಿ20ಗಿಂತ ಚಿಕ್ಕ ಆಟ, ಆದರೆ ವಿಕೆಟ್‌ಗೆ ಟಿ20ಗಿಂತ ಜಾಸ್ತಿ ಬೆಲೆ.

ಔಟಾದವನು ಮತ್ತೆ ಬರಬಾರದು ಅನ್ನುವ ನಿಯಮದಲ್ಲಿ ನಾನು ತುಂಬಾ ದಿನ ಸಿಕ್ಕಿಹಾಕಿಕೊಂಡಿದ್ದೆ. ಯಾಕೆಂದರೆ ಎರಡು ಇನ್ನಿಂಗ್ಸ್ ಅಂದ ಕೂಡಲೇ ನನ್ನ ಕಣ್ಣ ಮುಂದೆ ಬರುವುದು 2001ರ ಕೋಲ್ಕತ್ತಾ ಟೆಸ್ಟ್. ಮೊದಲ ಇನ್ನಿಂಗ್ಸ್‌ನಲ್ಲಿ ನಾವು 171ಕ್ಕೆ ಔಟ್. ಫಾಲೋಆನ್, ಅಂದರೆ ತುಂಬಾ ಹಿಂದೆ ಬಿದ್ದಿದ್ದಕ್ಕೆ ಕೂಡಲೇ ಮತ್ತೆ ಬ್ಯಾಟಿಂಗ್. ಆಮೇಲೆ ಲಕ್ಷ್ಮಣ್ 281, ನಮ್ಮ ದ್ರಾವಿಡ್ 180, ಇಬ್ಬರೂ ಸೇರಿ 376 ರನ್ ಜೊತೆಯಾಟ. ಮೊದಲ ಸಲ 25ಕ್ಕೆ ಔಟಾದ ದ್ರಾವಿಡ್‌ಗೆ ಎರಡನೇ ಅವಕಾಶ ಸಿಗದೆ ಇದ್ದಿದ್ದರೆ? ಆದರೆ ಐದು ದಿನದ ಆಟ ಬೇರೆ, ಎರಡೂವರೆ ಗಂಟೆಯ ಆಟ ಬೇರೆ. ಇಲ್ಲಿ ಎಲ್ಲರೂ ಮತ್ತೆ ಬರಬಹುದು ಅಂದರೆ ಮತ್ತೆ ಅದೇ ಬೀಸಾಟ. ಕೊನೆಗೆ ಹೀಗೆ ತೀರ್ಮಾನ ಮಾಡಿದೆ: ಎರಡನೇ ಅವಕಾಶ ತಂಡಕ್ಕೆ ಇರಲಿ, ಔಟಾದವನಿಗೆ ಬೇಡ. ಮೊದಲ ಇನ್ನಿಂಗ್ಸ್‌ನಲ್ಲಿ ಸೊರಗಿದ ತಂಡ ಎರಡನೆಯದರಲ್ಲಿ ಎದ್ದು ನಿಲ್ಲಬಹುದು, ವಿಕೆಟ್ ಉಳಿಸಿಕೊಂಡಿದ್ದರೆ.

ಇದರಿಂದ ಕ್ಯಾಪ್ಟನ್‌ಗೆ ಎಂಥ ಯೋಚನೆ ಬರುತ್ತದೆ ನೋಡಿ. ದೊಡ್ಡ ಬ್ಯಾಟ್ಸ್‌ಮನ್‌ನನ್ನು ಮೊದಲೇ ಕಳಿಸಬೇಕೇ, ಎರಡನೇ ಇನ್ನಿಂಗ್ಸ್‌ಗೆ ಇಟ್ಟುಕೊಳ್ಳಬೇಕೇ? ಕೊಹ್ಲಿ ಮೊದಲ ಇನ್ನಿಂಗ್ಸ್‌ನಲ್ಲೇ ಔಟಾಗಿಬಿಟ್ಟರೆ ಟಿಕೆಟ್ ತೆಗೆದುಕೊಂಡು ಬಂದ ಜನ ಏನು ನೋಡಬೇಕು ಅಂತ ಒಬ್ಬ ಗೆಳೆಯ ಕೇಳಿದ. ನಾನು ಅಂದೆ, ಅದಕ್ಕೇ ಕಣೋ, ಅವರು ಆಡುವ ಒಂದೊಂದು ಬಾಲ್‌ಗೂ ಇಡೀ ಸ್ಟೇಡಿಯಂ ಉಸಿರು ಹಿಡಿದುಕೊಂಡು ಕೂತಿರುತ್ತದೆ.

ಇನ್ನು ಟಾಸ್. ರಾತ್ರಿ ಇಬ್ಬನಿ ಬಿದ್ದರೆ ಎರಡನೇ ಸಲ ಬೌಲಿಂಗ್ ಮಾಡುವವನ ಕೈಯಲ್ಲಿ ಬಾಲ್ ಸೋಪಿನ ಹಾಗೆ ಜಾರುತ್ತದೆ. ಅರ್ಧ ಮ್ಯಾಚ್ ನಾಣ್ಯದಲ್ಲೇ ಮುಗಿದಿರುತ್ತದೆ. ಎಂಟೆಂಟಿನಲ್ಲಿ ಇಬ್ಬರೂ ಒಣಗಿದ ಬಾಲ್‌ನಲ್ಲೂ ಹಾಕಬೇಕು, ಒದ್ದೆ ಬಾಲ್‌ನಲ್ಲೂ ಹಾಕಬೇಕು. ಎರಡನೇ ಸುತ್ತಿನಲ್ಲಿ ಯಾರು ಮೊದಲು ಆಡಬೇಕು ಅನ್ನುವುದನ್ನು ಮೊದಲ ಇನ್ನಿಂಗ್ಸ್‌ನಲ್ಲಿ ಲೀಡ್ ಪಡೆದವರೇ ಹೇಳಲಿ. ಆ ಹಕ್ಕು ಆಡಿ ಗಳಿಸಿದ್ದಾಗಿರಲಿ.

ಇನ್ನಿಂಗ್ಸ್ ಒಡೆಯುವ ಯೋಚನೆ ನನ್ನೊಬ್ಬನದ್ದಲ್ಲ. 50 ಓವರ್ ಆಟವನ್ನು 25-25 ಮಾಡಿ ಅಂತ ಸಚಿನ್ ತೆಂಡೂಲ್ಕರ್ ಎಷ್ಟೋ ವರ್ಷದ ಹಿಂದೆಯೇ ಹೇಳಿದ್ದರು. ಅದಕ್ಕೂ ಮುಂಚೆ, 1996ರಲ್ಲಿ, ನ್ಯೂಜಿಲೆಂಡ್‌ನ ಮಾರ್ಟಿನ್ ಕ್ರೋ 'ಕ್ರಿಕೆಟ್ ಮ್ಯಾಕ್ಸ್' ಅಂತ ಶುರು ಮಾಡಿದ್ದರು. ಅದರಲ್ಲೂ ತಲಾ 10 ಓವರ್‌ನ ಎರಡು ಇನ್ನಿಂಗ್ಸ್. ಆದರೆ ಅಲ್ಲಿ ಒಂದು ಜಾಗಕ್ಕೆ ಹೊಡೆದರೆ ರನ್ ದುಪ್ಪಟ್ಟು ಅಂತ ಇತ್ತು. ಅಂದರೆ ಅಲ್ಲೂ ಬಹುಮಾನ ಬ್ಯಾಟ್ಸ್‌ಮನ್‌ಗೇ ಸಿಕ್ಕಿತು. ವಿಕೆಟ್ ಲೆಕ್ಕವನ್ನು ನಾವು ಮುಟ್ಟಬೇಕು.

ಮಳೆಯ ವಿಷಯ ಬೆಂಗಳೂರಿನವರಿಗೆ ಬೇರೆ ಹೇಳಬೇಕಾಗಿಲ್ಲ. 2025ರ ಮೇ 17ರಂದು ಕೋಲ್ಕತ್ತಾ ವಿರುದ್ಧದ ಮ್ಯಾಚ್ ಟಾಸ್ ಕೂಡ ಆಗದೆ ನಿಂತುಹೋಯಿತು. ಅಂಥ ಮಳೆಗೆ ಯಾವ ನಿಯಮವೂ ಇಲ್ಲ, ಬಿಡಿ. ಆದರೆ ಅರ್ಧ ಆಟ ಆದ ಮೇಲೆ ಬರುವ ಮಳೆಗೆ ನಮ್ಮ ಹತ್ತಿರ ಹಳೆಯ ಔಷಧಿ ಇದೆ. ಮೊದಲ ಇನ್ನಿಂಗ್ಸ್ ಲೀಡ್! ನಮ್ಮ ಸೋದರಮಾವ ಈಗಲೂ 1974ರ ರಣಜಿ ಸೆಮಿಫೈನಲ್ ಕಥೆಯನ್ನು ನಿನ್ನೆ ನೋಡಿದ ಹಾಗೆ ಹೇಳುತ್ತಾರೆ. ಬಾಂಬೆ ಸತತ 15 ವರ್ಷ ಟ್ರೋಫಿ ಗೆದ್ದು ಬೆಂಗಳೂರಿಗೆ ಬಂದಿತ್ತು. ನಮ್ಮ ವಿಶ್ವನಾಥ್ 162 ಹೊಡೆದರು. ನಮ್ಮ ಪ್ರಸನ್ನ, ಬಾಂಬೆಯ ಗವಾಸ್ಕರ್ ಅವರನ್ನು ಬೌಲ್ಡ್ ಮಾಡಿದರು. ಮೊದಲ ಇನ್ನಿಂಗ್ಸ್ ಲೀಡ್ ಮೇಲೆ ಕರ್ನಾಟಕ ಫೈನಲ್‌ಗೆ ಹೋಯಿತು, ಮೊದಲ ಸಲ ರಣಜಿ ಗೆದ್ದಿತು. "ಒಂದೊಂದು ರನ್ ಎಣಿಸ್ತಾ ಕೂತಿದ್ವಿ ಕಣೋ" ಅನ್ನುತ್ತಾರೆ ಮಾವ. ಎಂಟೆಂಟಿನಲ್ಲಿ ಇಬ್ಬರದ್ದೂ ಒಂದೊಂದು ಇನ್ನಿಂಗ್ಸ್ ಆಗಿ ಮಳೆ ಬಂದರೆ ಲೀಡ್ ಇದ್ದವರು ಗೆದ್ದರು, ಮುಗಿಯಿತು. ಕ್ಯಾಲ್ಕುಲೇಟರ್ ಬೇಡ.

ಇದೆಲ್ಲ ಬಾಯಿಮಾತು ಅನ್ನಬೇಡಿ. ನಾವು ಆಡಿ ನೋಡಿದ್ದೇವೆ. ಬಸವನಗುಡಿಯ ನ್ಯಾಷನಲ್ ಕಾಲೇಜ್ ಗ್ರೌಂಡ್, ಭಾನುವಾರ ಬೆಳಿಗ್ಗೆ. ಟೆನ್ನಿಸ್ ಬಾಲ್. ಸಮಯ ಕಡಿಮೆ, ಹಾಗಾಗಿ ಆರಾರು ಓವರ್, ಒಟ್ಟು 5 ವಿಕೆಟ್ ಅಂತ ಇಟ್ಟುಕೊಂಡೆವು. ನಮ್ಮ ಟೀಮಿನಲ್ಲಿ ಒಬ್ಬ ಹುಡುಗ ಇದ್ದಾನೆ. ಎಂಥ ಬಾಲ್ ಬಂದರೂ ಮಿಡ್‌ವಿಕೆಟ್ ಕಡೆಗೆ ಎತ್ತುವುದೇ ಕೆಲಸ. ಹತ್ತು ವರ್ಷದಿಂದ ಅವನು ಬೇರೆ ಶಾಟ್ ಆಡಿದ್ದನ್ನು ನಾನು ನೋಡಿಲ್ಲ. ಅವತ್ತು ಎರಡನೇ ಇನ್ನಿಂಗ್ಸ್, 4 ಓವರ್‌ಗೆ 31 ರನ್ ಬೇಕು, ಉಳಿದಿರುವುದು ಒಂದೇ ವಿಕೆಟ್. ಇವನು ಸ್ಟ್ರೈಕ್‌ನಲ್ಲಿ. ಆಫ್ ಸ್ಟಂಪ್‌ನಿಂದ ಒಂದು ಗೇಣು ಆಚೆ ಬಿದ್ದ ಬಾಲ್, ಸ್ವಲ್ಪ ಎದ್ದು ಬಂತು. ಇವನು ಬ್ಯಾಟನ್ನು ತಲೆ ಮೇಲೆ ಎತ್ತಿ, ಬಾಲನ್ನು ಆಡದೆ ಹಾಗೇ ಬಿಟ್ಟುಬಿಟ್ಟ.

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಪಕ್ಕದ ಮ್ಯಾಚಿನ ಬಾಲ್ ಒಂದು ನಮ್ಮ ಪಿಚ್ ಮೇಲೆ ಉರುಳಿಕೊಂಡು ಹೋಯಿತು, ಅದನ್ನೂ ಯಾರೂ ಎಸೆಯಲಿಲ್ಲ. ಆಮೇಲೆ ಕೀಪರ್ ಕೂಗಿದ, "ಏ, ಬಿಟ್ಬಿಟ್ಟ ಕಣ್ರೋ!" ಮರು ಬಾಲ್‌ಗೆ ಅವರ ಕ್ಯಾಪ್ಟನ್ ಸ್ಲಿಪ್‌ಗೆ, ಅಂದರೆ ಕೀಪರ್ ಪಕ್ಕಕ್ಕೆ, ಒಬ್ಬನನ್ನು ತಂದು ನಿಲ್ಲಿಸಿದ. ಟೆನ್ನಿಸ್ ಬಾಲ್ ಮ್ಯಾಚಿನಲ್ಲಿ ಸ್ಲಿಪ್! ಬೌಲರ್ ಕೂಡ ರನ್ನಪ್ ಎರಡು ಹೆಜ್ಜೆ ಜಾಸ್ತಿ ಮಾಡಿಕೊಂಡ. ನಾವು 2 ರನ್‌ನಿಂದ ಸೋತೆವು. ಆದರೆ ಆಮೇಲೆ ಕಾಫಿ ಕುಡಿಯುತ್ತಾ ನಿಂತಾಗ ಎರಡೂ ಟೀಮಿನವರು ಮಾತಾಡಿದ್ದು ಆ ಬಿಟ್ಟ ಬಾಲ್ ಬಗ್ಗೆ.

ಇದರಲ್ಲಿ ಒಂದು ನಷ್ಟ ಇದೆ, ಅದನ್ನು ಮುಚ್ಚಿಡುವುದಿಲ್ಲ. ಆರು ವಿಕೆಟ್ ಅಂದರೆ ಹೆಚ್ಚಾಗಿ ಏಳು ಜನಕ್ಕೆ ಮಾತ್ರ ಬ್ಯಾಟಿಂಗ್. 1996ರ ಟೈಟಾನ್ ಕಪ್ ನೆನಪಿದೆಯಾ? ಚಿನ್ನಸ್ವಾಮಿಯಲ್ಲೇ, ಆಸ್ಟ್ರೇಲಿಯಾ ವಿರುದ್ಧ. ಸಚಿನ್ 88 ಹೊಡೆದು ಔಟಾದರು, 8 ವಿಕೆಟ್ ಬಿತ್ತು, ಟಿವಿ ಆರಿಸಿ ಎದ್ದುಹೋದವರು ಎಷ್ಟೋ ಜನ. ಆಗ ಶ್ರೀನಾಥ್, ಕುಂಬ್ಳೆ ನಿಂತು ಗೆಲ್ಲಿಸಿದರು. ನಮ್ಮದೇ ಊರಿನಲ್ಲಿ, ನಮ್ಮ ಇಬ್ಬರು ಬೌಲರ್‌ಗಳು. ಅಂಥ ರಾತ್ರಿ ಎಂಟೆಂಟಿನಲ್ಲಿ ಬರುವುದಿಲ್ಲ. ಆ ಮ್ಯಾಚ್ ನೋಡಿ ಅತ್ತವನು ನಾನು, ಹಾಗಾಗಿ ಇದು ನನಗೆ ಚಿಕ್ಕ ಮಾತಲ್ಲ. ಆದರೆ ಅದು 50 ಓವರ್ ಆಟದ ಸೊತ್ತು. ಅಲ್ಲೇ ಇರಲಿ. ಅದನ್ನೂ ಉಳಿಸಿಕೊಳ್ಳೋಣ.

ಸಮಯದ ಲೆಕ್ಕ ಒಂದು ಬಾಕಿ ಇದೆ. ಒಟ್ಟು 32 ಓವರ್. ಓವರ್‌ಗೆ ನಾಲ್ಕೂಕಾಲು ನಿಮಿಷ ಹಿಡಿದರೂ 136 ನಿಮಿಷ. ನಡುವೆ ಮೂರು ಬ್ರೇಕ್, ಒಟ್ಟು 20 ನಿಮಿಷ. ಏಳಕ್ಕೆ ಶುರು ಮಾಡಿದರೆ ಒಂಬತ್ತೂ ಮುಕ್ಕಾಲರ ಒಳಗೆ ಮುಗಿಯುತ್ತದೆ. ನನ್ನ ಮಗಳು ಕೊನೆಯ ಬಾಲ್ ನೋಡುತ್ತಾಳೆ.

ಐಪಿಎಲ್‌ನವರು ನಾಳೆಯೇ ಇದನ್ನು ಆಡಲಿ ಅಂತ ಕೇಳುತ್ತಿಲ್ಲ. ಕೆಎಸ್‌ಸಿಎ, ಅಂದರೆ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ, ಪ್ರತಿ ವರ್ಷ ಮಹಾರಾಜ ಟ್ರೋಫಿ ಅನ್ನುವ ಟಿ20 ಟೂರ್ನಮೆಂಟ್ ನಡೆಸುತ್ತದೆ. ಅದು ಶುರುವಾಗುವ ಮುಂಚೆ ನಾಲ್ಕು ಪ್ರದರ್ಶನ ಪಂದ್ಯ ಇಟ್ಟು ನೋಡಲಿ. ಕಾಲೇಜು ಟೂರ್ನಮೆಂಟ್ ಮಾಡುವವರು ಒಂದು ದಿನ ಇದಕ್ಕೆ ಕೊಡಲಿ. ಅದಕ್ಕೂ ಮುಂಚೆ ನೀವು ಆಡಿ. ಈ ಭಾನುವಾರವೇ, ನಿಮ್ಮ ಏರಿಯಾದ ಗ್ರೌಂಡ್‌ನಲ್ಲಿ. ಸ್ಕೋರ್ ಬರೆಯುವವರಿಗೆ ಹೇಳಿ, ರನ್ ಪಕ್ಕದಲ್ಲಿ 'ಉಳಿದ ವಿಕೆಟ್' ಅಂತ ಒಂದು ಕಾಲಂ ಜಾಸ್ತಿ ಹಾಕಲಿ. ಮೊದಲ ಇನ್ನಿಂಗ್ಸ್ ಮುಗಿದಾಗ ಆ ಪುಟದ ಒಂದು ಫೋಟೋ ತೆಗೆದು ನನಗೆ ಕಳಿಸಿ, ಯಾರು ಗೆದ್ದರು ಅಂತ ಬರೆಯಬೇಡಿ. ಆ ಕಾಲಂ ನೋಡಿ ಗೆದ್ದವರು ಯಾರು ಅಂತ ನಾನು ಹೇಳಲು ನೋಡುತ್ತೇನೆ.