ಸ್ಟುಡಿಯೋ ಬಾಗಿಲು ತೆರೆದಿಡುವ ಭಾನುವಾರ

ಕೇಳುಗರಿಗೆಲ್ಲ ನಮಸ್ಕಾರ.

ನಾನು ಎಚಿಂಗ್ ಮಾಡುವವಳು. ತಾಮ್ರದ ತಗಡಿನ ಮೇಲೆ ಸೂಜಿಯಿಂದ ಚಿತ್ರ ಗೀರಿ, ರಾಸಾಯನಿಕದಲ್ಲಿ ಅದ್ದಿ ಗೆರೆಗಳನ್ನು ಆಳ ಮಾಡಿ, ಇಂಕು ತುಂಬಿ ಕಾಗದದ ಮೇಲೆ ಅಚ್ಚು ತೆಗೆಯುವುದು ನನ್ನ ಕೆಲಸ. ಬೆಂಗಳೂರಿನ ನಮ್ಮ ಬಾಡಿಗೆ ಮನೆಯ ಕಾರ್ ಶೆಡ್ಡೇ ನನ್ನ ಸ್ಟುಡಿಯೋ. ವರ್ಷಕ್ಕೊಂದು ಭಾನುವಾರ ಅದರ ಶಟರ್ ಪೂರ್ತಿ ಎತ್ತಿ, ಯಾರು ಬೇಕಾದರೂ ಬನ್ನಿ ಅಂತ ಕರೆಯುತ್ತೇನೆ. ಓಪನ್ ಸ್ಟುಡಿಯೋ ಅಂತಾರಲ್ಲ, ಅದು.

ಯಾಕೆ ಕರೆಯಬೇಕು? ಗ್ಯಾಲರಿ ಇದೆ. ಜನವರಿ ಶುರುವಾದರೆ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ ಇದೆ. ಆ ಸಂತೆ ನನಗೆ ತುಂಬಾ ಇಷ್ಟ. ಬರೆದವರೂ ಕೊಳ್ಳುವವರೂ ರಸ್ತೆಯಲ್ಲೇ ಎದುರುಬದುರು ಸಿಗುತ್ತಾರೆ. ಆದರೆ ಆ ನೂಕುನುಗ್ಗಲಲ್ಲಿ ಒಂದು ಎಚಿಂಗ್ ಹೇಗಾಯಿತು ಎಂದು ವಿವರಿಸೋದು ಕಷ್ಟ. ಪ್ರಿಂಟ್ ಅಂದ ಕೂಡಲೇ ಪ್ರಶ್ನೆ ಬರುತ್ತದೆ: "ಹಾಗಾದ್ರೆ ಇದು ಜೆರಾಕ್ಸಾ ಮೇಡಂ?" ಕೇಳುವವರದು ತಪ್ಪಲ್ಲ. ಅವರು ನೋಡುವುದು ಮುಗಿದ ಚಿತ್ರ. ಕೆಲಸ ನಡೆಯುವುದನ್ನು ತೋರಿಸಿದವರು ಯಾರು?

ಅದಕ್ಕೇ ಬಂದವರನ್ನು ಮೊದಲು ಗೋಡೆಯ ಹತ್ತಿರ ಅಲ್ಲ, ಮೇಜಿನ ಹತ್ತಿರ ಕರೆಯುತ್ತೇನೆ. ತಗಡಿನ ಮೇಲೆಲ್ಲ ಕಪ್ಪು ಇಂಕು ಬಳಿಯುತ್ತೇನೆ. ಚಿತ್ರ ಮುಚ್ಚಿಯೇ ಹೋಗುತ್ತದೆ. ಜಾಳು ಬಟ್ಟೆಯಿಂದ ದುಂಡಗೆ ಒರೆಸುತ್ತ ಹೋದರೆ ತಾಮ್ರ ಮತ್ತೆ ಹೊಳೆಯುತ್ತದೆ, ಗೀರಿನೊಳಗಿನ ಇಂಕು ಮಾತ್ರ ಉಳಿಯುತ್ತದೆ. ಕೊನೆಯ ಒರೆಸು ಅಂಗೈಯಿಂದಲೇ. ನೆನೆಸಿ ನೀರು ಹೀರಿಸಿದ ದಪ್ಪ ಕಾಗದವನ್ನು ಅದರ ಮೇಲಿಟ್ಟು, ಉಣ್ಣೆಯ ಫೆಲ್ಟ್ ಹೊದಿಸಿ, ಪ್ರೆಸ್ಸಿನ ಚಕ್ರ ತಿರುಗಿಸಬೇಕು. ಚಕ್ರ ಬಂದವರ ಕೈಗೆ ಕೊಡುತ್ತೇನೆ. ಕಾಗದದ ಮೂಲೆ ಹಿಡಿದು ಎತ್ತುವಾಗ ಎಲ್ಲರೂ ಬಗ್ಗಿ ನೋಡುತ್ತಾರೆ. ಗೆರೆಗಳು ಕಾಗದದ ಮೇಲೆ ಸ್ವಲ್ಪ ಉಬ್ಬಿರುತ್ತವೆ. ಇನ್ನೊಂದು ಅಚ್ಚು ಬೇಕಾ? ಮತ್ತೆ ಇಂಕು, ಮತ್ತೆ ಒರೆಸು. ಇದನ್ನು ನೋಡಿದವರಿಗೆ ಚಿತ್ರದ ಕೆಳಗೆ ಪೆನ್ಸಿಲಿನಲ್ಲಿ ಬರೆದ 3/20 ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಒಟ್ಟು 20 ಅಚ್ಚು, ಇದು ಮೂರನೆಯದು. ಬೆಲೆಯ ಮಾತೂ ಆಮೇಲೆ ಸಲೀಸು.

ಮಕ್ಕಳಿಗೆ ಥರ್ಮಕೋಲ್ ತಟ್ಟೆ ಮತ್ತು ಬಾಲ್ ಪೆನ್ ಸಾಕು. ಒತ್ತಿ ಗೀರಿ, ಇಂಕು ಉರುಳಿಸಿ, ಕಾಗದ ಇಟ್ಟು ಉಜ್ಜಿದರೆ ಅಚ್ಚು ಬರುತ್ತದೆ, ಆದರೆ ತಿರುವುಮುರುವು. ಒಬ್ಬ ಪುಟ್ಟ ಹುಡುಗಿ ತನ್ನ ಹೆಸರು ಉಲ್ಟಾ ಬಂದದ್ದು ನೋಡಿ ಕನ್ನಡಿ ಕೇಳಿದಳು. ಕನ್ನಡಿಯಲ್ಲಿ ಹೆಸರು ನೋಡಿಕೊಂಡು ಒಂದೊಂದೇ ಅಕ್ಷರ ತಿರುಗಿಸಿ ಗೀರಿದಳು. ಒತ್ತಕ್ಷರ ಬಂದಾಗ ನಾಲಗೆ ಕಚ್ಚಿಕೊಂಡು ಕೂತಿದ್ದಳು!

ನೀವೂ ಕಲಾವಿದರಾಗಿದ್ದು ಇಂಥ ದಿನ ಇಟ್ಟುಕೊಳ್ಳಬೇಕು ಅಂತಿದ್ದರೆ, ದಯವಿಟ್ಟು ಸ್ಟುಡಿಯೋವನ್ನು ಜಾಸ್ತಿ ಸಿಂಗರಿಸಬೇಡಿ. ಅರ್ಧ ಆದ ಕೆಲಸ, ಬೇಡ ಅಂತ ಬಿಟ್ಟ ಅಚ್ಚು, ಸ್ಕೆಚ್ ಪುಸ್ತಕ ಎಲ್ಲ ಕಣ್ಣಿಗೆ ಬೀಳಲಿ. ಆದರೆ ಆಸಿಡ್, ಫೆರಿಕ್ ಕ್ಲೋರೈಡ್, ಟರ್ಪೆಂಟೈನ್ ಡಬ್ಬ ಬೀಗದೊಳಗೆ ಇರಬೇಕು. ಇದರಲ್ಲಿ ರಾಜಿ ಇಲ್ಲ. ಮನೆ ಓನರಿಗೂ ಅಕ್ಕಪಕ್ಕದವರಿಗೂ ಮುಂಚೆಯೇ ಹೇಳಿ, ಅವರನ್ನೇ ಮೊದಲು ಕರೆಯಿರಿ. ಗೇಟಿನ ಮುಂದೆ ಸ್ಕೂಟರ್ ನಿಂತರೂ ಆಗ ಮನಸ್ತಾಪ ಬರುವುದಿಲ್ಲ. ಬೆಲೆ ಬರೆದೇ ಇಡಿ. ಬಾಯಿಬಿಟ್ಟು ಕೇಳಲು ಎಷ್ಟೋ ಜನಕ್ಕೆ ಸಂಕೋಚ. ದುಡ್ಡು ಮತ್ತು ಟೀ ನೋಡಿಕೊಳ್ಳಲು ಸ್ನೇಹಿತರೊಬ್ಬರಿರಲಿ, ನಿಮ್ಮ ಕೈ ಹೇಗೂ ಇಂಕಾಗಿರುತ್ತದೆ.

ಸಣ್ಣ ಬೆಲೆಯ ಕಾರ್ಡು, ಪುಟ್ಟ ಅಚ್ಚು ಇಟ್ಟರೆ ಕಲೆಯ ಘನತೆ ಹೋಗುತ್ತದೆ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. 1966ರಲ್ಲಿ ಚಿತ್ರಕಲಾವಿದ ಕೆ.ಸಿ.ಎಸ್. ಪಣಿಕ್ಕರ್ ಅವರ ಮುಂದಾಳತ್ವದಲ್ಲಿ ಚೆನ್ನೈ ಹತ್ತಿರ ಚೋಳಮಂಡಲ ಕಲಾವಿದರ ಗ್ರಾಮ ಶುರುವಾಯಿತು. ಅಲ್ಲಿನ ಕಲಾವಿದರು ಬಾಟಿಕ್‌ನಂಥ ಕರಕುಶಲ ವಸ್ತು ಮಾಡಿ ಮಾರಿ, ತಮ್ಮ ಚಿತ್ರ, ಶಿಲ್ಪದ ಕೆಲಸಕ್ಕೆ ದಾರಿ ಮಾಡಿಕೊಂಡರು. ಅವರ ಕಲೆಯ ಘನತೆ ಎಲ್ಲೂ ಹೋಗಲಿಲ್ಲ, ಅಲ್ವಾ?

ಇನ್ನೊಂದು ಮಾತು. ಬಂದವರು ನೋಡಿ ಹೋಗುವುದಷ್ಟೇ ಅಲ್ಲ, ಕೊಟ್ಟೂ ಹೋಗುತ್ತಾರೆ. ಎಚ್‌ಎಂಟಿಯಲ್ಲಿ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರು ಬಂದಿದ್ದರು. ಚಿತ್ರಗಳ ಕಡೆ ತಿರುಗಲೇ ಇಲ್ಲ. ಪ್ರೆಸ್ಸಿನ ರೋಲರ್ ಪಕ್ಕ ಬಗ್ಗಿ, "ಒಂದು ಕಡೆ ಒತ್ತಡ ಕಮ್ಮಿ ಬೀಳ್ತಿದೆ ನೋಡಮ್ಮ" ಅಂದರು. ಸ್ಪ್ಯಾನರ್ ಕೇಳಿ ಎರಡೂ ಕಡೆಯ ಸ್ಕ್ರೂ ಸಮ ಮಾಡಿಕೊಟ್ಟರು. ಅಚ್ಚಿನ ಎಡ ಅಂಚು ತೆಳುವಾಗುತ್ತಿದ್ದ ತೊಂದರೆ ಅವತ್ತೇ ಹೋಯಿತು. ಆಮೇಲೆ ನಿಧಾನಕ್ಕೆ ಗೋಡೆ ನೋಡಿ, ಮನೆಯವರಿಗೆ ಅಂತ ಒಂದು ಪುಟ್ಟ ಅಚ್ಚು ಕೊಂಡರು.

ನಿಮ್ಮ ಊರಿನಲ್ಲೂ ಚಿತ್ರ ಬರೆಯುವವರು, ಮಣ್ಣಿನ ಕೆಲಸದವರು, ಶಿಲ್ಪಿಗಳು ಬಾಗಿಲು ತೆರೆದು ಕರೆದರೆ ಹೋಗಿ. ಮನೆಮಂದಿಯನ್ನೂ ಕರೆದುಕೊಂಡು ಹೋಗಿ. ಮುಟ್ಟುವ ಮುಂಚೆ ಕೇಳಿ. ಏನೂ ಕೊಳ್ಳದೆ ಬಂದರೆ ಏನಂದುಕೊಳ್ಳುತ್ತಾರೋ ಎಂಬ ಮುಜುಗರ ಬೇಡ. ಇದನ್ನು ಹೇಗೆ ಮಾಡಿದಿರಿ ಅಂತ ಕೇಳಿ, ಅವರೇ ಕೂರಿಸಿಕೊಂಡು ತೋರಿಸುತ್ತಾರೆ.

ನಮಸ್ಕಾರ.