ಟೇಬಲ್ ರೋಸ್: ಬಿಸಿಲು ಕೊಡಿ, ಸುಮ್ನೆ ಬಿಡಿ

ಕೇಳುಗರಿಗೆಲ್ಲ ನಮಸ್ಕಾರ. ಇವತ್ತು ಟೇಬಲ್ ರೋಸ್ ಬಗ್ಗೆ ಮಾತಾಡೋಣ. ಕೆಲವರು ಇದನ್ನು ಹತ್ತು ಗಂಟೆ ಹೂವು ಅನ್ನುತ್ತಾರೆ, ಸಸ್ಯಶಾಸ್ತ್ರದಲ್ಲಿ ಪೋರ್ಚುಲಕಾ ಗ್ರಾಂಡಿಫ್ಲೋರಾ. ಹೆಸರಲ್ಲಿ ರೋಸ್ ಇದೆ ಅಷ್ಟೇ, ಗುಲಾಬಿಗೂ ಇದಕ್ಕೂ ನಂಟಿಲ್ಲ. ಇದರ ನಿಜವಾದ ನೆಂಟ ಯಾರು ಗೊತ್ತಾ? ಕಳೆ ಅಂತ ಕಿತ್ತು ಎಸೆಯುತ್ತೇವಲ್ಲ, ಆ ಗೋಣಿ ಸೊಪ್ಪು. ಎರಡರ ದಂಟನ್ನೂ ಪಕ್ಕಪಕ್ಕ ಇಟ್ಟು ನೋಡಿ, ಮುಖಚಹರೆ ಒಂದೇ.

ನಾನು ಮೊದಲ ಸಲ ನೆಟ್ಟ ಗಿಡ ಹದಿನೈದು ದಿನವೂ ಬಾಳಲಿಲ್ಲ. ಕೊಂದಿದ್ದು ನಾನೇ. ಬೆಳಿಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು ನೀರು ಹಾಕುತ್ತಿದ್ದೆ. ಎಲೆ ಹಳದಿಯಾಯಿತು, ಪಾಪ ಬಾಯಾರಿಕೆ ಇರಬೇಕು ಅಂತ ಇನ್ನೊಂದು ಚೊಂಬು ಸುರಿದೆ. ಒಂದು ದಿನ ಮುಟ್ಟಿದರೆ ಇಡೀ ಗಿಡ ಕೈಗೇ ಬಂತು, ಬುಡ ಕೊಳೆತು ಲೊಳಲೊಳ ಅನ್ನುತ್ತಿತ್ತು. ಈ ಗಿಡ ತನ್ನ ನೀರನ್ನು ಎಲೆಯಲ್ಲಿ, ದಂಟಿನಲ್ಲಿ ತುಂಬಿಟ್ಟುಕೊಂಡಿರುತ್ತದೆ ಅನ್ನುವುದು ಆಮೇಲೆ ತಲೆಗೆ ಹೋಯಿತು. ಮಣ್ಣಿಗೆ ಬೆರಳು ಚುಚ್ಚಿ ನೋಡಿ. ಮೇಲಿನ ಒಂದು ಅಂಗುಲ ಪೂರ್ತಿ ಒಣಗಿದ್ದರೆ ಬುಡಕ್ಕೆ ಚೆನ್ನಾಗಿ ನೀರು ಕೊಡಿ, ಹಸಿ ಇದ್ದರೆ ಸುಮ್ನೆ ವಾಪಸ್ ಬನ್ನಿ. ಎಲೆ ಸ್ವಲ್ಪ ಸುಕ್ಕುಗಟ್ಟಿದರೆ ಗಾಬರಿ ಬೇಡ, ನೀರು ಬಿದ್ದ ಮೇಲೆ ಮತ್ತೆ ತುಂಬಿಕೊಳ್ಳುತ್ತದೆ. ಕೊಳೆತ ಬುಡ ಮಾತ್ರ ಸರಿಹೋಗುವುದಿಲ್ಲ. ಆಗ ಮೇಲಿನ ಗಟ್ಟಿ ತುದಿಯನ್ನು ಕತ್ತರಿಸಿ ಬೇರೆ ಕಡೆ ನೆಡುವುದೊಂದೇ ದಾರಿ.

ಕುಂಡ ಆಳ ಇರಬೇಕಿಲ್ಲ, ಬೇರು ಮೇಲ್ಮೇಲೇ ಹರಡುತ್ತದೆ. ಆದರೆ ತಳದಲ್ಲಿ ತೂತು ಇರಲೇಬೇಕು. ಮಣ್ಣಿಗೆ ಧಾರಾಳವಾಗಿ ಮರಳು ಸೇರಿಸಿ. ಗೊಬ್ಬರದ ವಿಷಯದಲ್ಲಿ ಜಿಪುಣರಾದರೂ ಪರವಾಗಿಲ್ಲ, ಜಾಸ್ತಿ ಕೊಟ್ಟರೆ ಎಲೆ ಸೊಕ್ಕಿ ಹೂವು ಕಡಿಮೆಯಾಗುತ್ತದೆ.

ಇನ್ನು ಬಿಸಿಲು. ಗಿಡ ಹುಲುಸಾಗಿದೆ, ಹೂವೇ ಇಲ್ಲ ಅಂತ ಗೊಣಗುವವರು ಅದನ್ನು ಎಲ್ಲಿಟ್ಟಿದ್ದೀರಿ ಅಂತ ಮೊದಲು ನೋಡಿ. ನೆರಳಲ್ಲಿ ಇಟ್ಟಿರುತ್ತೀರಿ, ಅಲ್ವಾ? ದಿನಕ್ಕೆ 6ರಿಂದ 8 ಗಂಟೆ ನೇರ ಬಿಸಿಲು ಬೇಕು. ಮೂಲತಃ ಇದು ದಕ್ಷಿಣ ಅಮೆರಿಕದ ಗಿಡ. ಕಬ್ಬು, ಮುಸುಕಿನ ಜೋಳ ಬಿಸಿಲನ್ನು ಬಳಸಿಕೊಳ್ಳುವ ಕ್ರಮ ಇದೆಯಲ್ಲ, ವಿಜ್ಞಾನಿಗಳು ಸಿ4 ಅನ್ನುತ್ತಾರೆ, ಅದೇ ಕ್ರಮ ಇದರಲ್ಲೂ ಇದೆ. ಹಾಗಾಗಿ ಬೇರೆ ಗಿಡಗಳು ಬಾಡಿ ತಲೆ ತಗ್ಗಿಸುವ ಹೊತ್ತಿಗೆ ಇದು ಅರಳಿಕೊಂಡು ಕೂತಿರುತ್ತದೆ. ಮೋಡ ಕವಿದ ದಿನ ಮಾತ್ರ ಹೆಚ್ಚಿನ ಹೂವುಗಳು ಬಾಯೇ ಬಿಡುವುದಿಲ್ಲ. ಒಂದು ಹೂವಿನ ಆಯುಸ್ಸು ಒಂದೇ ದಿನ, ಸಂಜೆಯೊಳಗೆ ಮುದುಡುತ್ತದೆ. ಕತ್ತಲಾದ ಮೇಲೆ ಮನೆಗೆ ಬರುವವರಿಗೆ ಈ ಗಿಡ ಅಷ್ಟು ಹೊಂದುವುದಿಲ್ಲ ಅಂತ ನೇರವಾಗಿಯೇ ಹೇಳಿಬಿಡುತ್ತೇನೆ, ಹೂವು ನೋಡುವ ಭಾಗ್ಯ ಭಾನುವಾರಕ್ಕೇ!

ಅರಳಿದ ಹೂವು ಸಿಕ್ಕರೆ ಒಂದು ಕೆಲಸ ಮಾಡಿ. ನಡುವೆ ಹಳದಿ ಕೇಸರಗಳ ಗೊಂಚಲು ಇರುತ್ತದೆ, ಕಡ್ಡಿಯ ತುದಿಯಿಂದ ಮೆಲ್ಲಗೆ ಸವರಿ. ಅವು ತಾವಾಗಿಯೇ ಬಾಗುತ್ತವೆ! ಜೇನುನೊಣ ಬಂದಾಗಲೂ ಹೀಗೇ ಆಗುತ್ತದೆ, ಅದರ ಮೈಗೆ ಪರಾಗ ಮೆತ್ತುತ್ತದೆ. ಇನ್ನೊಂದು ಮಾತು, ಗುಲಾಬಿಯ ಕೆಂಪು ಬೇರೆ, ಇದರ ಕೆಂಪು ಬೇರೆ. ಇದರದು ಬೀಟ್‌ರೂಟ್‌ನಲ್ಲಿರುವ ಬಣ್ಣದ ಜಾತಿಯದು.

ಹೊಸ ಗಿಡ ಮಾಡುವುದು ತುಂಬಾ ಸುಲಭ. ಮೂರ್ನಾಲ್ಕು ಅಂಗುಲದ ತುದಿ ಕತ್ತರಿಸಿ, ಕೆಳಗಿನ ಎಲೆ ಬಿಡಿಸಿ, ಮಣ್ಣಿಗೆ ಚುಚ್ಚಿದರೆ ಒಂದೆರಡು ವಾರದಲ್ಲಿ ಬೇರು ಬಿಡುತ್ತದೆ. ಬೀಜದಿಂದಲೂ ಬರುತ್ತದೆ. ಕಾಯಿ ಒಣಗಿದ ಮೇಲೆ ಡಬ್ಬಿಯ ಮುಚ್ಚಳದ ಹಾಗೆ ಮೇಲಿನ ಅರ್ಧ ಕಳಚಿಕೊಳ್ಳುತ್ತದೆ, ಒಳಗೆ ಧೂಳಿನಷ್ಟು ಸಣ್ಣ ಬೀಜ. ಅದನ್ನು ಮಣ್ಣಿನ ಮೇಲೆ ಉದುರಿಸಿ, ಮುಚ್ಚಬೇಡಿ, ಮೊಳೆಯಲು ಬೆಳಕು ಬೇಕು. ಸುತ್ತು ಎಸಳಿನ ಗಿಡದ ಬೀಜ ಹಾಕಿದರೆ ಕೆಲವು ಒಂಟಿ ಎಸಳಿನವೂ ಹುಟ್ಟುತ್ತವೆ, ಅದೇ ಬಣ್ಣ ಅದೇ ರೂಪ ಬೇಕಿದ್ದರೆ ತುಂಡು ನೆಡುವುದೇ ವಾಸಿ.

ಬಿಳಿ ಹತ್ತಿಯಂಥ ಹಿಟ್ಟು ತಿಗಣೆ ಕಂಡರೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ, ಜಾಸ್ತಿ ಹಿಡಿದ ದಂಟನ್ನು ಕತ್ತರಿಸಿ ದೂರ ಎಸೆಯಿರಿ. ಮನೆಯಲ್ಲಿ ಬೆಕ್ಕು ನಾಯಿ ಇದ್ದರೆ ಕುಂಡವನ್ನು ಅವಕ್ಕೆ ಎಟುಕದ ಹಾಗೆ ಇಡಿ, ಇದರ ಎಲೆ ಅವಕ್ಕೆ ಒಳ್ಳೆಯದಲ್ಲ. ದಂಟು ಉದ್ದುದ್ದ ಬೆಳೆದು ಬುಡ ಬೋಳಾದರೆ ಅರ್ಧಕ್ಕೆ ಕತ್ತರಿಸಿ. ತುಂಡುಗಳನ್ನು ಎಸೆಯಬೇಡಿ, ಅದೇ ಕುಂಡದ ಬೋಳು ಜಾಗಕ್ಕೆ ಚುಚ್ಚಿಬಿಡಿ. ನಮಸ್ಕಾರ.