ಕೂಪರ್ ಹೊರಟಿದ್ದು ಯಾಕೆ?

ಕೇಳುಗರಿಗೆಲ್ಲ ನಮಸ್ಕಾರ. ಸಿನಿಮಾ ಕಥೆಗಳನ್ನು ಬಿಡಿಸಿ ನೋಡುವುದು ನನ್ನ ಕೆಲಸ. ಇವತ್ತು ಇರುವ ಸಮಯ ಕಡಿಮೆ, ಹಾಗಾಗಿ ಒಂದೇ ಸಿನಿಮಾ, ಒಂದೇ ಪ್ರಶ್ನೆ. ಕ್ರಿಸ್ಟೋಫರ್ ನೋಲನ್ ಅವರ 'ಇಂಟರ್‌ಸ್ಟೆಲ್ಲರ್', 2014ರಲ್ಲಿ ಬಂದದ್ದು. ಅದರಲ್ಲಿ ನಾಯಕ ಕೂಪರ್ ಮಕ್ಕಳನ್ನು ಬಿಟ್ಟು ಬಾಹ್ಯಾಕಾಶಕ್ಕೆ ಹೋದನಲ್ಲ, ಯಾಕೆ ಹೋದ?

ಬೇರೆ ಗ್ರಹ ಹುಡುಕಿ ಮನುಕುಲವನ್ನು ಉಳಿಸೋಕೆ ಅಂತೀರಿ. ಯಾರನ್ನು ಕೇಳಿದರೂ ಇದೇ ಉತ್ತರ. ನನಗೆ ಈ ಉತ್ತರ ಕೇಳಿ ಕೇಳಿ ಸಾಕಾಗಿದೆ. ಭೂಮಿ ತುಂಬ ಧೂಳು, ಬೆಳೆಗೆ ರೋಗ, ಎಲ್ಲಾ ನಿಜ. ಕೂಪರ್ ಕೂಡ ಅದನ್ನೇ ಹೇಳುತ್ತಾನೆ. ಆದರೆ ನಾಯಕನ ಬಾಯಿ ನೋಡಬೇಡಿ, ಕೈ ನೋಡಿ. ನಾನು ಇವತ್ತು ಹೇಳಬೇಕಾಗಿರುವುದು ಇಷ್ಟೇ.

ಸಿನಿಮಾದ ಶುರುವಿನ ಒಂದು ದೃಶ್ಯ ನೆನಪು ಮಾಡಿಕೊಳ್ಳಿ. ನನಗೆ ತುಂಬಾ ಇಷ್ಟದ ದೃಶ್ಯ ಅದು. ಕೂಪರ್ ಮಗ ಟಾಮ್, ಮಗಳು ಮರ್ಫ್ ಇಬ್ಬರನ್ನೂ ಗಾಡಿಯಲ್ಲಿ ಕೂರಿಸಿಕೊಂಡು ಶಾಲೆಗೆ ಹೊರಟಿದ್ದಾನೆ. ಟೀಚರ್‌ಗಳನ್ನು ಕಾಣಬೇಕು. ದಾರಿಯಲ್ಲಿ ಟೈರ್ ಪಂಕ್ಚರ್. ಅಷ್ಟರಲ್ಲಿ ತಲೆಯ ಮೇಲೆ ಒಂದು ಡ್ರೋನ್ ಹಾದುಹೋಗುತ್ತದೆ, ಅದೂ ಭಾರತೀಯ ವಾಯುಪಡೆಯದು, ಬಿಸಿಲಿನ ಶಕ್ತಿಯಲ್ಲೇ ವರ್ಷಗಟ್ಟಲೆ ಹಾರುತ್ತಿರುವಂಥದ್ದು. ಅಷ್ಟೇ! ಶಾಲೆ ಮರೆತೇಹೋಯಿತು. ಪಂಕ್ಚರ್ ಆದ ಟೈರಿನಲ್ಲೇ ಗಾಡಿ ಮೆಕ್ಕೆಜೋಳದ ಹೊಲಕ್ಕೆ ನುಗ್ಗುತ್ತದೆ. ಸ್ಟೀರಿಂಗ್ ಹುಡುಗನ ಕೈಗೆ ಕೊಟ್ಟು ಅಪ್ಪ ಲ್ಯಾಪ್‌ಟಾಪ್ ಹಿಡಿದು ಡ್ರೋನ್ ಹಿಡಿಯುತ್ತಾ ಕೂತಿದ್ದಾನೆ, ಎದುರಿಗೆ ಪ್ರಪಾತ ಬರುವವರೆಗೂ ಗಾಡಿ ನಿಲ್ಲುವುದಿಲ್ಲ. ಆಗ ಅವನ ಮುಖ ನೋಡಬೇಕು ನೀವು! ಡ್ರೋನಿನ ಸೌರಕೋಶಗಳು ಹೊಲಕ್ಕೆ ಬೇಕು ಅಂತ ಆಮೇಲೆ ಒಂದು ಕಾರಣ ಕೊಡುತ್ತಾನೆ. ಇರಬಹುದು. ಆದರೆ ಮೊದಲು ಓಡಿದ, ಕಾರಣ ಆಮೇಲೆ ಬಂತು.

ನಾಸಾ ವಿಷಯದಲ್ಲೂ ಆಗಿದ್ದು ಇದೇ. ಅವನು ಹಿಂದೆ ಪೈಲಟ್. ನೆಲಕ್ಕೆ ಬಿದ್ದ ಪೈಲಟ್ ರೈತನಾಗಿದ್ದಾನೆ. ನಾಸಾದವರು ಹಾರ್ತೀಯಾ ಅಂತ ಕೇಳಿದರು, ಅವನು ಎದ್ದ. ಹಾರುವ ಆಸೆ ಮೊದಲು, ಮನುಕುಲ ಆಮೇಲೆ. ಅವನ ಮಾವನಿಗೆ ಇದು ಗೊತ್ತು. ಹೊರಡುವ ಮೊದಲು ಜಗಲಿಯಲ್ಲಿ ಕೂತು, ಮಾಡುವ ಕೆಲಸಕ್ಕಿಂತ ಅದರ ಹಿಂದಿನ ಕಾರಣ ಮುಖ್ಯ ಅಂತ ಅಳಿಯನಿಗೆ ಹೇಳುತ್ತಾನೆ.

ಹಾಗಾದರೆ ಮಗಳ ಮೇಲಿನ ಪ್ರೀತಿ ಸುಳ್ಳಾ? ಖಂಡಿತ ಅಲ್ಲ. ಅಲ್ಲೂ ಕೈ ನೋಡಿ. ಮನೆ ಬಿಟ್ಟು ಹೊರಟವನು ಗಾಡಿಯಲ್ಲಿ ಪಕ್ಕದ ಕಂಬಳಿ ಎತ್ತಿ ನೋಡುತ್ತಾನೆ. ಹಿಂದೊಮ್ಮೆ ಮರ್ಫ್ ಅದರಡಿ ಬಚ್ಚಿಟ್ಟುಕೊಂಡು ಬಂದಿದ್ದಳು. ಈ ಸಲ ಖಾಲಿ. ಒಂದು ಮಾತೂ ಇಲ್ಲ ಅಲ್ಲಿ. ನನಗೆ ಆ ಕಂಬಳಿ ಸಾಕು, ಅವನು ಎಂಥ ಅಪ್ಪ ಅಂತ ಗೊತ್ತಾಗೋಕೆ. ಆದರೂ ಗಾಡಿ ತಿರುಗಿಸಲಿಲ್ಲ, ನೋಡಿ.

ಸಮಯ ಆಗುತ್ತಾ ಬಂತು, ಬೇಗ ಹೇಳಿಬಿಡುತ್ತೇನೆ. ನೀರಿನ ಗ್ರಹದಲ್ಲಿ ಒಂದು ಗಂಟೆ ಅಂದರೆ ಭೂಮಿಯಲ್ಲಿ 7 ವರ್ಷ. ವಾಪಸ್ ನೌಕೆಗೆ ಬರುವಷ್ಟರಲ್ಲಿ 23 ವರ್ಷ ಹೋಗಿದೆ. ಮಕ್ಕಳು ಕಳಿಸಿದ ವಿಡಿಯೋಗಳ ಮುಂದೆ ಕೂತು ಅಳುತ್ತಾನೆ. ಆಮೇಲೆ ಯಾವ ಗ್ರಹಕ್ಕೆ ಹೋಗಬೇಕು ಅನ್ನುವ ಚರ್ಚೆ ಬಂದಾಗ, ಜೊತೆಗೆ ಬಂದ ವಿಜ್ಞಾನಿ ಬ್ರ್ಯಾಂಡ್ ಒಂದು ಗ್ರಹದ ಹೆಸರು ಹೇಳುತ್ತಾಳೆ; ಅವಳು ಪ್ರೀತಿಸುವವನು ಅಲ್ಲಿದ್ದಾನೆ, ಅದಕ್ಕೇ ಅಲ್ಲಿಗೆ ಹೋಗೋಣ ಅಂತಿದ್ದಾಳೆ ಎಂದು ಕೂಪರ್ ಎಲ್ಲರೆದುರು ಹೇಳಿಬಿಡುತ್ತಾನೆ. ಇನ್ನೊಬ್ಬರ ಒಳಗಿನ ಕಾರಣ ಅವನಿಗೆ ಎಷ್ಟು ಬೇಗ ಕಾಣುತ್ತದೆ!

ಇನ್ನು ಕೊನೆ. ಮಗಳು ಮುದುಕಿಯಾಗಿ ಹಾಸಿಗೆ ಹಿಡಿದಿದ್ದಾಳೆ. ಇಷ್ಟು ದೂರದಿಂದ ಬಂದ ಅಪ್ಪ ಅವಳ ಹತ್ತಿರ ಕೂರುವುದು ಸ್ವಲ್ಪವೇ ಹೊತ್ತು. ಆಮೇಲೆ ಒಂದು ನೌಕೆ ಹತ್ತಿ ಮತ್ತೆ ಹೊರಟೇಬಿಟ್ಟ. ಬ್ರ್ಯಾಂಡ್ ಹತ್ತಿರ ಹೋಗು ಅಂತ ಮರ್ಫ್ ತಾನೇ ಹೇಳಿದ್ದು ಅಂತ ನೀವು ವಾದ ಮಾಡಬಹುದು. ಹೌದು, ಅವಳೇ ಹೇಳಿದ್ದು. ಆ ದಿನ ಮೆಕ್ಕೆಜೋಳದ ಹೊಲದಲ್ಲಿ ಗಾಡಿ ನುಗ್ಗಿದಾಗ ಅವಳೂ ಅದರಲ್ಲೇ ಕೂತಿದ್ದಳು, ಅಲ್ವಾ? ನಮಸ್ಕಾರ.